ದೂರದ ಡಾಕ್ಟರು, ಹತ್ತಿರದ ಕೈ

ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಶಿವಶರಣ ಏಕಾಂತದ ರಾಮಯ್ಯನ ಕಥೆ ಕಲ್ಲಿನಲ್ಲಿ ಮೂಡಿದೆ. ಸುಮಾರು 1200ರ ಹೊತ್ತಿನ ಶಾಸನವೂ ಅದೇ ಕಥೆಯನ್ನು ಹೇಳುತ್ತದೆ. ಸರ್ವಜ್ಞನ ತಾಯಿಯ ಊರು ಇದೇ ಎಂಬ ನಂಬಿಕೆಯಂತೂ ಈ ಸೀಮೆಯ ಮನೆಮನೆಯ ಮಾತು. ನಾಡಿನ ಸಾಂಸ್ಕೃತಿಕ ನಕ್ಷೆಯಲ್ಲಿ ಅಬಲೂರು ಮೂಲೆಯ ಊರಲ್ಲ. ಆದರೆ ನಡುರಾತ್ರಿ ಹಿರಿಯರೊಬ್ಬರಿಗೆ ಎದೆ ಹಿಡಿದುಕೊಂಡಾಗ, ಏಳು ತಿಂಗಳಿಗೇ ಹುಟ್ಟಿದ ಕೂಸಿನ ಕಣ್ಣು ಪರೀಕ್ಷೆ ಆಗಬೇಕಾದಾಗ ದೂರದ ಲೆಕ್ಕವೇ ಬೇರೆಯಾಗುತ್ತದೆ. ಮೊದಲು ಹಿರೇಕೆರೂರಿನ ತಾಲ್ಲೂಕು ಆಸ್ಪತ್ರೆ. ಅಲ್ಲಿ ಆಗದಿದ್ದರೆ ಹಾವೇರಿಯ ಜಿಲ್ಲಾ ಆಸ್ಪತ್ರೆ. ಅಲ್ಲಿಂದಲೂ ಮುಂದಕ್ಕೆ ಬರೆದುಕೊಟ್ಟರೆ ಹುಬ್ಬಳ್ಳಿ, ಶಿವಮೊಗ್ಗ, ದಾವಣಗೆರೆ ಇಲ್ಲವೇ ಮಣಿಪಾಲ. ಹಿರೇಕೆರೂರಿನಿಂದ ಹಾವೇರಿ ದಾಟಿ ಹುಬ್ಬಳ್ಳಿ ಮುಟ್ಟಲು ನೂರು ಕಿಲೋಮೀಟರಿಗೂ ಹೆಚ್ಚು ದಾರಿ.

ಹಾನಗಲ್ಲು, ಶಿಗ್ಗಾಂವಿ, ಸವಣೂರಿನ ಹಳ್ಳಿಗಳದ್ದೂ ಹೆಚ್ಚುಕಡಿಮೆ ಇದೇ ಪಾಡು. 2011ರ ಜನಗಣತಿಯಂತೆ ಹಾವೇರಿ ಜಿಲ್ಲೆಯ ಜನಸಂಖ್ಯೆ ಸುಮಾರು 16 ಲಕ್ಷ; ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಹಳ್ಳಿಗರು. 1997ರಲ್ಲಿ ಧಾರವಾಡದಿಂದ ಬೇರೆಯಾದ ಈ ಜಿಲ್ಲೆಗೆ ತನ್ನದೇ ಸರ್ಕಾರಿ ವೈದ್ಯಕೀಯ ಕಾಲೇಜು ದೊರೆತದ್ದು ಮೊನ್ನೆ ಮೊನ್ನೆ, 2022–23ರಲ್ಲಿ. ಗೋವಿನಜೋಳ, ಹತ್ತಿ, ಬೀಜೋತ್ಪಾದನೆಯ ಹೊಲಗಳಲ್ಲಿ ದುಡಿಯುವ ಕುಟುಂಬಕ್ಕೆ ದೊಡ್ಡ ಆಸ್ಪತ್ರೆಯ ಒಂದು ಭೇಟಿ ಎಂದರೆ ಗಾಡಿ ಬಾಡಿಗೆ, ಜತೆಗೆ ಹೋದವರ ಕೂಲಿ, ಊಟ, ರಾತ್ರಿ ಉಳಿಯುವ ಖರ್ಚು. ಈ ಲೆಕ್ಕಕ್ಕೆ ಹೆದರಿ ಎಷ್ಟೋ ಮಂದಿ ‘ಇನ್ನೆರಡು ದಿನ ನೋಡೋಣು’ ಎಂದು ಕೂತುಬಿಡುತ್ತಾರೆ. ರೋಗ ಬಲಿಯುವುದು ಆ ಎರಡು ದಿನಗಳಲ್ಲೇ.

ಡಾಕ್ಟರು ಇರುವ ಊರಿಗೆ ರೋಗಿ ಹೋಗಲಾಗದಿದ್ದರೆ ಡಾಕ್ಟರ ತಿಳಿವಳಿಕೆಯಾದರೂ ರೋಗಿಯ ಊರಿಗೆ ಬರಬಹುದಲ್ಲವೇ? ಟೆಲಿಮೆಡಿಸಿನ್ ಹುಟ್ಟಿದ್ದು ಈ ಪ್ರಶ್ನೆಯಿಂದ. ಅದಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಕರ್ನಾಟಕದಲ್ಲಿಯೇ ಕಾಲು ಶತಮಾನದ ಅನುಭವವಿದೆ. ಆ ಅನುಭವವನ್ನು ಜೋಡಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತಂತಿಯ ಆ ತುದಿಯಲ್ಲಿ ಎಂಥ ತಜ್ಞರಿದ್ದಾರೆ ಎಂಬುದರಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಈ ತುದಿಯಲ್ಲಿ ರೋಗಿಯ ಪಕ್ಕ ಯಾರಿದ್ದಾರೆ, ಅವರ ಕೈಯಲ್ಲಿ ಏನಿದೆ ಎಂಬುದು ಜೀವ ಉಳಿಯುವುದನ್ನು ನಿರ್ಧರಿಸುತ್ತದೆ. ಈ ಉಪನ್ಯಾಸದ ವಾದ ಇಷ್ಟೇ.

ತಂತಿ, ಪೆಡಲು, ಔಷಧಿ ಪೆಟ್ಟಿಗೆ

1905ರಲ್ಲಿ ನೆದರ್ಲೆಂಡ್ಸಿನ ಲೈಡನ್ ನಗರದಲ್ಲಿ ವಿಲೆಮ್ ಐಂತೋವೆನ್ ಎಂಬ ವಿಜ್ಞಾನಿ ಒಂದು ತೊಡಕಿಗೆ ಸಿಕ್ಕಿಕೊಂಡಿದ್ದರು. ಹೃದಯದ ವಿದ್ಯುತ್ ಮಿಡಿತವನ್ನು ಬರೆದುಕೊಳ್ಳುವ ಅವರ ಯಂತ್ರ ಕ್ವಿಂಟಲ್‌ಗಟ್ಟಲೆ ಭಾರದ್ದು. ಅದನ್ನು ನಡೆಸಲು ಐದು ಜನ ಬೇಕಿತ್ತು. ಅದನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ. ಹಾಸಿಗೆ ಹಿಡಿದ ರೋಗಿಯನ್ನು ಪ್ರಯೋಗಾಲಯಕ್ಕೆ ಎತ್ತಿ ತರುವಂತೆಯೂ ಇರಲಿಲ್ಲ. ಅವರು ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರು ದೂರದ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯ ಮೂಲಕವೇ ಹೃದಯದ ಮಿಡಿತವನ್ನು ತರಿಸಿಕೊಂಡರು. ಇಂದು ತಾಲ್ಲೂಕು ಆಸ್ಪತ್ರೆಯಿಂದ ಮೊಬೈಲ್‌ನಲ್ಲಿ ಹಾರುವ ಇಸಿಜಿಯ ಮೂಲಪುರುಷ ಆ ತಂತಿ. ಐಂತೋವೆನ್ ಅವರಿಗೆ 1924ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಹಳ್ಳಿಗಾಡಿಗೆ ಇನ್ನೂ ಹತ್ತಿರದ ಪಾಠ ಆಸ್ಟ್ರೇಲಿಯಾದ್ದು. ನೂರಾರು ಕಿಲೋಮೀಟರು ಬಯಲಿನಲ್ಲಿ ಒಂಟಿ ಮನೆಗಳಿದ್ದ ಆ ದೇಶದಲ್ಲಿ 1928ರಲ್ಲಿ ವಿಮಾನದಲ್ಲಿ ಹೋಗುವ ವೈದ್ಯಸೇವೆ ಶುರುವಾಯಿತು. ಮರುವರ್ಷ ಆಲ್ಫ್ರೆಡ್ ಟ್ರೇಗರ್ ಎಂಬ ಎಂಜಿನಿಯರು ಕಾಲಿನಿಂದ ಪೆಡಲು ತುಳಿದು ವಿದ್ಯುತ್ ಹುಟ್ಟಿಸಿಕೊಳ್ಳುವ ರೇಡಿಯೊ ಒದಗಿಸಿದರು. ಕರೆಂಟಿಲ್ಲದ ಮನೆಯಿಂದಲೂ ಡಾಕ್ಟರನ್ನು ಕೂಗಬಹುದಾಯಿತು. ಆದರೆ ಡಾಕ್ಟರು ಹೇಳಿದ ಔಷಧಿ ಮನೆಯಲ್ಲಿ ಇರಬೇಕಲ್ಲ? 1942ರಲ್ಲಿ ಎಲ್ಲ ಕಡೆಗೂ ಒಂದೇ ಬಗೆಯ ಔಷಧಿ ಪೆಟ್ಟಿಗೆ ಬಂತು. ಪ್ರತಿ ಔಷಧಿಗೂ ಒಂದು ನಂಬರು. ರೇಡಿಯೊದಲ್ಲಿ ಡಾಕ್ಟರು ನಂಬರು ಹೇಳಿದರೆ ಸಾಕು, ಹೆಸರು ಓದಲು ಬಾರದವರೂ ಪೆಟ್ಟಿಗೆಯಿಂದ ತಪ್ಪಿಲ್ಲದೆ ತೆಗೆಯಬಹುದಿತ್ತು. ರೇಡಿಯೊದ ಜತೆ ಪೆಟ್ಟಿಗೆಯೂ ಸೇರಿದ ಮೇಲೆಯೇ ಆ ಸೇವೆ ಪೂರ್ತಿಯಾದದ್ದು.

ಸರಗೂರು ಮತ್ತು ಚಾಮರಾಜನಗರ

ಕರ್ನಾಟಕದಲ್ಲಿ ಈ ಕೆಲಸಕ್ಕೆ ಕೈಹಾಕಿದ್ದು ಇಸ್ರೊ. ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಹೆಗ್ಗಡದೇವನಕೋಟೆ ಕಾಡಂಚಿನ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಉಪಗ್ರಹದ ಮೂಲಕ ಬೆಸೆಯುವ ಯೋಜನೆ 2002ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಯಿತು. ಮನೆಮನೆಗೆ ಮೊಬೈಲ್ ಇಲ್ಲದ, ಹಳ್ಳಿಯಲ್ಲಿ ಇಂಟರ್ನೆಟ್ ಎಂಬ ಮಾತೇ ಇಲ್ಲದ ಕಾಲ ಅದು. ಸರಗೂರಿನ ಆಸ್ಪತ್ರೆಯನ್ನು ನಡೆಸುತ್ತಿದ್ದುದು 1984ರಲ್ಲಿ ವೈದ್ಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್. ಜೇನುಕುರುಬರು, ಕಾಡುಕುರುಬರು, ಯರವರು ಅಲ್ಲಿಗೆ ಬರುವ ರೋಗಿಗಳು.

ಈ ಯೋಜನೆಯ ವಿವೇಕ ಇದ್ದದ್ದು ಒಂದು ಕಡೆ. ಪರದೆ, ಕ್ಯಾಮೆರಾ ಕಳಿಸಿ ಕೈತೊಳೆದುಕೊಳ್ಳದೆ ಜಿಲ್ಲಾ ಆಸ್ಪತ್ರೆಯಲ್ಲಿ ಹೃದ್ರೋಗಕ್ಕೆಂದೇ ತುರ್ತು ಘಟಕ ಕಟ್ಟಿದರು, ಅಲ್ಲಿನವರಿಗೆ ತರಬೇತಿ ಕೊಟ್ಟರು. ಬೆಂಗಳೂರಿನ ತಜ್ಞರು ಇಸಿಜಿ ನೋಡಿ ರಕ್ತದ ಹೆಪ್ಪು ಕರಗಿಸುವ ಮದ್ದು ಕೊಡಿ ಎಂದಾಗ ಕೊಡಲು ಮದ್ದಿರಬೇಕಿತ್ತು, ಕೊಡುವ ಧೈರ್ಯ ಬಂದಿರುವ ಡಾಕ್ಟರಿರಬೇಕಿತ್ತು. ದೇಶದ ಎಷ್ಟೋ ಕಡೆ ಆಮೇಲೆ ಬಂದ ಟೆಲಿಮೆಡಿಸಿನ್ ಕೊಠಡಿಗಳು ಬೀಗ ಹಾಕಿಕೊಂಡು ದೂಳು ತಿಂದದ್ದು ಇಷ್ಟನ್ನು ಮರೆತದ್ದರಿಂದ.

ಕೂಸಿನ ಕಣ್ಣು

ಕರ್ನಾಟಕ ಜಗತ್ತಿಗೆ ಕೊಟ್ಟ ಒಂದು ಮಾದರಿ ಇನ್ನೂ ಹೆಚ್ಚು ಮಾತಿಗೆ ಯೋಗ್ಯ. ದಿನ ತುಂಬದೆ ಹುಟ್ಟಿದ ಕೂಸಿನ ಕಣ್ಣಿನ ಪರದೆಯಲ್ಲಿ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಹುಟ್ಟಿದ ಮೇಲೆ ಅವು ದಾರಿ ತಪ್ಪಿ ಬೆಳೆದರೆ ಪರದೆ ಕಳಚಿ ಕೂಸು ಕಾಯಂ ಕುರುಡಾಗಬಹುದು. ಹೊರಗಿನಿಂದ ಕಣ್ಣು ನೋಡಿದರೆ ಏನೂ ಗೊತ್ತಾಗುವುದಿಲ್ಲ. ತಾಯಿಗೆ ಅನುಮಾನ ಬರುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ನಮ್ಮ ದೇಶದ ಮಾರ್ಗಸೂಚಿಯಂತೆ 2 ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರದೊಳಗೆ ಹುಟ್ಟಿದ ಕೂಸಿಗೆ ತಿಂಗಳು ತುಂಬುವುದರೊಳಗೆ ಕಣ್ಣು ಪರೀಕ್ಷೆ ಆಗಲೇಬೇಕು. ಬೇನೆ ಜೋರಾಗಿದ್ದರೆ ಎರಡು ಮೂರು ದಿನದೊಳಗೆ ಲೇಸರ್ ಚಿಕಿತ್ಸೆ. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶು ಘಟಕಗಳು ಬಂದು ಸಾಯುತ್ತಿದ್ದ ಕೂಸುಗಳು ಬದುಕಿಕೊಂಡವು. ಅವುಗಳ ಕಣ್ಣು ನೋಡಬಲ್ಲ ತಜ್ಞರು ಮಾತ್ರ ಬೆರಳೆಣಿಕೆಯಷ್ಟು, ಅವರೂ ದೊಡ್ಡ ನಗರಗಳಲ್ಲಿ.

ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ಅವರ ತಂಡ 2008ರಲ್ಲಿ ಇದಕ್ಕೊಂದು ದಾರಿ ಹುಡುಕಿತು. ‘ಕಿಡ್ರಾಪ್’ ಎಂದು ಅದರ ಹೆಸರು. ತರಬೇತಿ ಪಡೆದ ತಂತ್ರಜ್ಞರು ಕೂಸಿನ ಕಣ್ಣಿನ ಒಳಭಾಗದ ಚಿತ್ರ ತೆಗೆಯುವ ಕ್ಯಾಮೆರಾವನ್ನು ಗಾಡಿಯಲ್ಲಿ ಹಾಕಿಕೊಂಡು ಜಿಲ್ಲೆ, ತಾಲ್ಲೂಕುಗಳ ಶಿಶು ಘಟಕಗಳನ್ನು ಸುತ್ತುತ್ತಾರೆ. ಚಿತ್ರ ಬೆಂಗಳೂರಿಗೆ ಹೋಗುತ್ತದೆ. ತಜ್ಞರು ಮೊಬೈಲ್‌ನಲ್ಲೇ ನೋಡಿ ವರದಿ ಕೊಡುತ್ತಾರೆ. ತಂತ್ರಜ್ಞರಿಗೆ ಬಟನ್ ಒತ್ತುವುದನ್ನಷ್ಟೇ ಕಲಿಸಲಿಲ್ಲ, ಚಿತ್ರವನ್ನು ಓದುವುದನ್ನೂ ಕಲಿಸಿದರು. ಕಂಡದ್ದಕ್ಕೆ ಬಣ್ಣದ ಗುರುತು: ಕೆಂಪು ಎಂದರೆ ತಡಮಾಡದೆ ಚಿಕಿತ್ಸೆ, ಕಿತ್ತಳೆ ಎಂದರೆ ಮತ್ತೆ ನೋಡಬೇಕು, ಹಸಿರು ಎಂದರೆ ಚಿಂತೆಯಿಲ್ಲ. ಡಾಕ್ಟರಲ್ಲದವರಿಗೆ ಇಷ್ಟು ಜವಾಬ್ದಾರಿ ಕೊಡಬಹುದೇ ಎಂಬ ಅನುಮಾನ ವೈದ್ಯಲೋಕದಲ್ಲಿ ಇದ್ದೇ ಇತ್ತು. ವರ್ಷಗಳ ದಾಖಲೆ ಅದಕ್ಕೆ ಉತ್ತರ ಕೊಟ್ಟಿತು. ಬೆಂಗಳೂರಿನ ಸುತ್ತಲ ಜಿಲ್ಲೆಗಳಲ್ಲಿ ಶುರುವಾದ ಕೆಲಸ ಸರ್ಕಾರದ ಕೈಜೋಡಣೆಯಿಂದ ಉತ್ತರ ಕರ್ನಾಟಕಕ್ಕೂ ಹರಡಿತು. ಹಸಿ ಬಾಣಂತಿ ಕೂಸನ್ನು ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತುವ ಕಷ್ಟ ತಪ್ಪಿತು.

ಎದೆಯ ಗಳಿಗೆ

ಹೃದಯಾಘಾತದಲ್ಲಿ ಲೆಕ್ಕ ದಿನಗಳದ್ದಲ್ಲ, ನಿಮಿಷಗಳದ್ದು. ರಕ್ತನಾಳ ಕಟ್ಟಿಕೊಂಡ ಗಳಿಗೆಯಿಂದ ಹೃದಯದ ಮಾಂಸಖಂಡ ಸಾಯತೊಡಗುತ್ತದೆ. ಹಳ್ಳಿಯಲ್ಲಿ ಮೊದಲ ತಾಸು ಗ್ಯಾಸ್ಟ್ರಿಕ್ ಎಂಬ ಅನುಮಾನದಲ್ಲೇ ಕಳೆಯುತ್ತದೆ. ಸೋಡಾ, ಜೀರಿಗೆ ನೀರು, ಬೆನ್ನಿಗೆ ಮುಲಾಮು; ಆಮೇಲೆ ಗಾಡಿ ಹುಡುಕಾಟ. ಇಸಿಜಿ ತೆಗೆಯುವ ಹೊತ್ತಿಗೆ ಬೆಳಗು ಹರಿದಿರುತ್ತದೆ.

ಮಂಗಳೂರಿನ ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಇದಕ್ಕೆ ತೀರಾ ಸರಳ ಉಪಾಯ ಹೂಡಿದರು. ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಹೆಸರಿನಲ್ಲಿ ಹಳ್ಳಿ ಡಾಕ್ಟರುಗಳನ್ನೂ ತಜ್ಞರನ್ನೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೂಡಿಸಿದರು. ದಾನಿಗಳ ನೆರವಿನಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿದರು. ಕರಾವಳಿ, ಮಲೆನಾಡಿನ ಮೂಲೆಯ ಕೇಂದ್ರದಲ್ಲಿ ತೆಗೆದ ಇಸಿಜಿಯ ಫೋಟೊ ಗುಂಪಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಯಾರಾದರೊಬ್ಬ ತಜ್ಞರು ಉತ್ತರಿಸುತ್ತಾರೆ. ಇದಕ್ಕೆ ಹೊಸ ಉಪಗ್ರಹ ಬೇಕಾಗಲಿಲ್ಲ, ಹೊಸ ಕಟ್ಟಡವೂ ಬೇಕಾಗಲಿಲ್ಲ. ಎಲ್ಲರ ಜೇಬಿನಲ್ಲಿದ್ದ ಫೋನು, ಮಧ್ಯರಾತ್ರಿಯಲ್ಲೂ ಅದನ್ನು ಎತ್ತಿ ನೋಡುವ ಮನಸ್ಸು, ಊರ ಕೇಂದ್ರದಲ್ಲೊಂದು ಯಂತ್ರ, ಇಷ್ಟರಿಂದ ನಡೆದ ಕೆಲಸ ಇದು.

ರಾಜ್ಯ ಸರ್ಕಾರ 2023ರ ನವೆಂಬರ್‌ನಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಜಾರಿಗೆ ತಂದಿತು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೂಡಲೇ ಪರಿಶೀಲಿಸಿ, ದೂರದ ತಜ್ಞರು ಖಚಿತಪಡಿಸುತ್ತಾರೆ. ಹೃದಯಾಘಾತ ಎಂದು ಗೊತ್ತಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದು ಅಲ್ಲಿಯೇ, ಪುಕ್ಕಟೆಯಾಗಿ. ಹಿಂದಿನ ಸ್ಟ್ರೆಪ್ಟೊಕೈನೇಸ್ ಮದ್ದನ್ನು ಅರ್ಧ ತಾಸಿನಿಂದ ಒಂದು ತಾಸಿನವರೆಗೆ ಹನಿಹನಿಯಾಗಿ ಏರಿಸಬೇಕಿತ್ತು. ಟೆನೆಕ್ಟಿಪ್ಲೇಸ್ ರೋಗಿಯ ತೂಕ ನೋಡಿ ಒಂದೇ ಸಲ ಕೊಡುವಂಥದ್ದು; ಬೆಲೆ ಮಾತ್ರ ಕೂಲಿಕಾರರ ಕೈಗೆ ಎಟುಕುವಂಥದ್ದಲ್ಲ. ಚುಚ್ಚುಮದ್ದಾದ ಮೇಲೆ ರೋಗಿಯನ್ನು ಆಂಜಿಯೋಗ್ರಾಂ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ಹುಬ್ಬಳ್ಳಿಯ ದಾರಿ ಕಿರಿದಾಗಲಿಲ್ಲ. ಆ ದಾರಿಯಲ್ಲಿ ಹೃದಯ ಸಾಯದಂತೆ ತಡೆಯುವ ಶಕ್ತಿ ತಾಲ್ಲೂಕಿಗೇ ಬಂತು.

ಬಳ್ಳಾರಿಯಿಂದ 14416ರವರೆಗೆ

ಮನಸ್ಸಿನ ಬೇನೆಯಲ್ಲಿ ಕರ್ನಾಟಕದ ದಾರಿ ಇನ್ನೂ ಹಳೆಯದು. ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ರೋಗ ಗುರುತಿಸುವುದನ್ನು ಕಲಿಸಿ, ಔಷಧಿಯನ್ನು ಅಲ್ಲೇ ಸಿಗುವಂತೆ ಮಾಡಿತು. 1996ರಲ್ಲಿ ದೇಶದ ಕೆಲವು ಜಿಲ್ಲೆಗಳಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಈ ಗಟ್ಟಿ ನೆಲದ ಮೇಲೆಯೇ ಟೆಲಿ ಮಾನಸ್ ನಿಂತಿರುವುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ರಾಷ್ಟ್ರೀಯ ಸಹಾಯವಾಣಿಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು, ಕಾಸು ಬೀಳುವುದಿಲ್ಲ. 2024ರ ಹೊತ್ತಿಗೆ ದೇಶದ ಕರೆಗಳ ಸಂಖ್ಯೆ 10 ಲಕ್ಷ ದಾಟಿತ್ತು.

ರೈತರ ಆತ್ಮಹತ್ಯೆಯ ಸುದ್ದಿಯಲ್ಲಿ ಹಾವೇರಿಯ ಹೆಸರು ಮತ್ತೆ ಮತ್ತೆ ಕೇಳಿಬಂದಿರುವುದರಿಂದ ಈ ಐದು ಅಂಕಿ ಇಲ್ಲಿನ ಪ್ರತಿ ಮನೆಗೂ ತಿಳಿದಿರಬೇಕು. ಸಾಲ, ಬೆಳೆನಷ್ಟವನ್ನು ಫೋನು ತೀರಿಸಲಾರದು. ಆದರೆ ‘ಊರವರಿಗೆ ಗೊತ್ತಾದರೆ ಏನಂದಾರು’ ಎಂದು ಹುಚ್ಚರ ದವಾಖಾನೆ ಎಂಬ ಹೆಸರಿಗೇ ಅಂಜುವವರು ಹೊಲದ ಬದುವಿನ ಮೇಲೆ ಕೂತು, ಯಾರ ಕಣ್ಣಿಗೂ ಬೀಳದೆ ಮಾತಾಡಬಹುದು. ಪಕ್ಕದ ಮನೆಯವರಿಗೋ ಗೆಳೆಯರಿಗೋ ಕಸಿವಿಸಿ ಕಂಡರೆ ಅವರೂ ಕರೆ ಮಾಡಿ ಏನು ಮಾಡಬೇಕೆಂದು ಕೇಳಬಹುದು.

ಉಪಕೇಂದ್ರದ ಮೇಜಿನ ಮೇಲೆ

ದಿನನಿತ್ಯದ ಬೇನೆಗಳಿಗೆ ಈಗ ಹಳ್ಳಿಯ ಬಾಗಿಲಿಗೆ ಬಂದಿರುವುದು ಇ–ಸಂಜೀವಿನಿ. ಮೊಹಾಲಿಯ ಸಿ–ಡ್ಯಾಕ್ ರೂಪಿಸಿದ ಈ ವ್ಯವಸ್ಥೆ 2019ರ ನವೆಂಬರ್‌ನಲ್ಲಿ ಆರೋಗ್ಯ ಕೇಂದ್ರಗಳಿಗೆ ಬಂತು. ಕೊರೊನಾ ಲಾಕ್‌ಡೌನ್ ನಡುವೆ, 2020ರ ಏಪ್ರಿಲ್‌ನಲ್ಲಿ, ಮನೆಯಿಂದಲೇ ಡಾಕ್ಟರನ್ನು ಕಾಣುವ ಸೌಲಭ್ಯ ಸೇರಿತು. 2023ರ ಫೆಬ್ರುವರಿ ಹೊತ್ತಿಗೆ ದೇಶದಲ್ಲಿ ಸಮಾಲೋಚನೆಗಳು 10 ಕೋಟಿ ತಲುಪಿದ್ದವು; ಹೆಚ್ಚು ಬಳಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2020ರ ಮಾರ್ಚ್ 25ರಂದು ಬಂದ ಮಾರ್ಗಸೂಚಿ ಇದಕ್ಕೆ ಕಾನೂನಿನ ಬಲ ಕೊಟ್ಟಿತು. ಅದರಂತೆ ಡಾಕ್ಟರು ತಮ್ಮ ನೋಂದಣಿ ಸಂಖ್ಯೆ ಕಾಣುವಂತೆ ಚೀಟಿ ಬರೆಯಬೇಕು. ಚಟ ಹಿಡಿಸುವ ಕೆಲವು ಔಷಧಿಗಳನ್ನು ಪರದೆಯ ಮೇಲೆ ಬರೆಯುವಂತಿಲ್ಲ. ಕಣ್ಣೆದುರು ನೋಡಲೇಬೇಕು ಅನಿಸಿದರೆ ರೋಗಿಯನ್ನು ಆಸ್ಪತ್ರೆಗೆ ಕಳಿಸಬೇಕು.

ಉಪಕೇಂದ್ರದಲ್ಲಿ ಇದು ನಡೆಯುವ ಬಗೆ ಹೀಗೆ. ನರ್ಸಿಂಗ್ ಓದಿದ ಸಮುದಾಯ ಆರೋಗ್ಯಾಧಿಕಾರಿ ರೋಗಿಯ ಬಿಪಿ, ಶುಗರ್, ಜ್ವರ ನೋಡಿ ಕಂಪ್ಯೂಟರಿಗೆ ತುಂಬುತ್ತಾರೆ. ಆ ಕಡೆ ಡಾಕ್ಟರು ಪರದೆಗೆ ಬರುತ್ತಾರೆ, ಮಾತಾಡುತ್ತಾರೆ, ಚೀಟಿ ಬರುತ್ತದೆ, ಗುಳಿಗೆಯನ್ನು ಕೇಂದ್ರದಲ್ಲೇ ಕೊಡುತ್ತಾರೆ. ಇಷ್ಟರಲ್ಲಿ ಡಾಕ್ಟರಷ್ಟೇ ಕೆಲಸ ಆ ನರ್ಸಮ್ಮನದ್ದೂ ಇದೆ. ‘ಎದಿ ಹಿಂಡಿದಂಗಾಗತೈತಿ’, ‘ಕೈಕಾಲು ಸೋತು ಬರತಾವ’ ಎಂಬ ಮಾತಿನ ಹಿಂದಿನ ಬೇನೆಯನ್ನು ಬಿಡಿಸಿ ಕೇಳುವವರು, ಪಾದದ ಬಾವನ್ನು ಒತ್ತಿ ನೋಡಿ ಹೇಳುವವರು, ವಾರ ಬಿಟ್ಟು ಮನೆಗೆ ಹೋಗಿ ಗುಳಿಗೆ ತಗೊಂಡೆಯಾ ಯವ್ವಾ ಎಂದು ವಿಚಾರಿಸುವವರು ಅವರು ಮತ್ತು ಆಶಾ ಕಾರ್ಯಕರ್ತೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಕೇಂದ್ರಕ್ಕೆ ಇನ್ನೂ ಬೆಲೆ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಶೇ 54ರಷ್ಟು ಮಹಿಳೆಯರಲ್ಲಿ ಮಾತ್ರ ತಾವೇ ಬಳಸುವ ಮೊಬೈಲ್ ಇದೆ. ಗಂಡನ ಫೋನಿನಲ್ಲಿ, ಅತ್ತೆಯ ಎದುರು, ಮುಟ್ಟಿನ ತೊಂದರೆಯನ್ನೋ ಬಿಳಿಸೆರಗನ್ನೋ ಹೇಳಿಕೊಳ್ಳಲು ಯಾರಿಗೆ ಬಾಯಿ ಬರುತ್ತದೆ? ಉಪಕೇಂದ್ರದಲ್ಲಿ ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಕೋಣೆ, ಪಕ್ಕದಲ್ಲಿ ಒಬ್ಬ ನರ್ಸಮ್ಮ, ಪರದೆಯಲ್ಲಿ ಮಹಿಳಾ ವೈದ್ಯರು ಸಿಕ್ಕರೆ ವರ್ಷಗಟ್ಟಲೆ ಮುಚ್ಚಿಟ್ಟ ಬೇನೆಗೆ ಮದ್ದು ಸಿಗುತ್ತದೆ.

ಪರದೆ ಮಾಡಲಾರದ್ದು

ಟೆಲಿಮೆಡಿಸಿನ್ ಬಂತೆಂದು ಡಾಕ್ಟರ ಹುದ್ದೆ ಖಾಲಿ ಬಿಟ್ಟರೆ ಅದು ಹಳ್ಳಿಗೆ ಮಾಡಿದ ಮೋಸ. ಹೆರಿಗೆ ಪರದೆಯ ಮೇಲೆ ಆಗುವುದಿಲ್ಲ. ಕೀಟನಾಶಕ ಮೈಗೇರಿದವರ ಹೊಟ್ಟೆ ತೊಳೆಯುವುದು, ಉಸಿರಿಗೆ ಆಸರೆ ಕೊಡುವುದು ಕೈಯಿಂದಲೇ ಆಗಬೇಕು. ಹೊಲದಲ್ಲಿ ಹಾವು ಕಚ್ಚಿದರೆ ಮಾತಿನಿಂದ ವಿಷ ಇಳಿಯದು; ಪ್ರತಿವಿಷ ಬೇಕು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಪ್ರತಿವಿಷ ಇದೆ. ರೋಗಿಯ ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆ ಎಂದು ತಿಳಿಯುವ ಪರೀಕ್ಷೆಗೆ ದೊಡ್ಡ ಲ್ಯಾಬೂ ಬೇಡ. ಪ್ರತಿವಿಷ ಕೊಟ್ಟಾಗ ಕೆಲವರಿಗೆ ಮೈ ಒಗ್ಗದೆ ಅಪಾಯವಾಗಬಹುದು. ಆ ಅಂಜಿಕೆಯಿಂದಲೇ ಒಂಟಿ ಡಾಕ್ಟರು ರೋಗಿಯನ್ನು ಮುಂದಕ್ಕೆ ಸಾಗಹಾಕುತ್ತಾರೆ. ಆ ಗಳಿಗೆಯಲ್ಲಿ ಅನುಭವಿ ತಜ್ಞರು ಫೋನಿನಲ್ಲಿ ಜತೆಗಿದ್ದು ‘ಶುರುಮಾಡಿ, ನಾನಿದ್ದೇನೆ’ ಎಂದರೆ ಪ್ರತಿವಿಷ ಪೆಟ್ಟಿಗೆಯಿಂದ ರೋಗಿಯ ಮೈಗೆ ಸೇರುತ್ತದೆ. ದೂರದ ಮಾತು ಹತ್ತಿರದ ಕೈಗೆ ಬಲ ತುಂಬುವುದು ಹೀಗೆ.

ಗ್ರಾಮಸಭೆಯಲ್ಲಿ ಕೇಳಬೇಕಾದದ್ದು

ಇವೆಲ್ಲ ಬೆಂಗಳೂರಿನಲ್ಲೇ ತೀರ್ಮಾನವಾಗುವ ಸಂಗತಿಗಳೆಂದು ಅಬಲೂರಿನಂಥ ಊರು ಸುಮ್ಮನಿರಬೇಕಾಗಿಲ್ಲ. ಪ್ರತಿ ಹಳ್ಳಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಇದೆ. ಸಣ್ಣಪುಟ್ಟ ಖರ್ಚಿಗೆ ಇವುಗಳ ಕೈಯಲ್ಲಿ ಮುಕ್ತನಿಧಿಯೂ ಇರುತ್ತದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ ಪ್ರಶ್ನೆಗಳು ಸರಳ. ಉಪಕೇಂದ್ರದ ಆರೋಗ್ಯಾಧಿಕಾರಿ ಹುದ್ದೆ ತುಂಬಿದೆಯೇ? ಕಂಪ್ಯೂಟರಿಗೆ ನೆಟ್ ಬರುತ್ತದೆಯೇ, ಪಂಚಾಯಿತಿಗೆ ಬಂದ ಭಾರತ್‌ನೆಟ್ ಕೇಬಲ್ಲನ್ನು ಅಲ್ಲಿಯವರೆಗೆ ಎಳೆಯಲಾಗಿದೆಯೇ? ಕರೆಂಟು ಹೋದರೆ ಏನು ಏರ್ಪಾಡು? ಸೆಲ್ಕೊ ಫೌಂಡೇಷನ್ ಜತೆಗೂಡಿ ರಾಜ್ಯದ ಆರೋಗ್ಯ ಕೇಂದ್ರಗಳಿಗೆ ಸೌರ ವಿದ್ಯುತ್ ಅಳವಡಿಸುವ ಕೆಲಸ ನಡೆದಿದೆ. ನಮ್ಮ ಕೇಂದ್ರದ ಸರದಿ ಯಾವಾಗ? ಪರದೆಯ ಡಾಕ್ಟರು ಬರೆಯುವ ಬಿಪಿ, ಶುಗರ್ ಗುಳಿಗೆ ತಿಂಗಳು ಪೂರ್ತಿ ದಾಸ್ತಾನು ಇರುತ್ತದೆಯೇ? ಹಿರೇಕೆರೂರಿನ ಆಸ್ಪತ್ರೆಯಲ್ಲಿ ಟೆನೆಕ್ಟಿಪ್ಲೇಸ್, ಹಾವಿನ ಪ್ರತಿವಿಷ ಈ ರಾತ್ರಿ ಎಷ್ಟಿವೆ?

ಈ ಪ್ರಶ್ನೆಗಳನ್ನು ಕೇಳುವ ಹಕ್ಕು ಊರಿನದು, ಉತ್ತರಿಸುವ ಹೊಣೆ ಆರೋಗ್ಯ ಇಲಾಖೆಯದು. ಸಭೆಯ ನಡಾವಳಿಯಲ್ಲಿ ಬರೆಸಿದ ಪ್ರಶ್ನೆಗೆ ತಾಲ್ಲೂಕು ಆರೋಗ್ಯಾಧಿಕಾರಿಗಳು ಲಿಖಿತ ಉತ್ತರ ಕೊಡುವಂತೆ ಪಂಚಾಯಿತಿ ಪಟ್ಟುಹಿಡಿಯಬೇಕು. ಮುಂದಿನ ಸಭೆಯಲ್ಲಿ ಆ ಉತ್ತರವನ್ನು ಎಲ್ಲರೆದುರು ಓದಿಸಬೇಕು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಪಂಚಾಯಿತಿಗಳು ಒಂದೇ ಪಟ್ಟಿ ಹಿಡಿದು ಒಟ್ಟಾಗಿ ಕೇಳಿದರೆ ಹಾವೇರಿಯ ಜಿಲ್ಲಾ ಪಂಚಾಯಿತಿಯಲ್ಲಿ ಅದಕ್ಕೆ ತೂಕ ಬರುತ್ತದೆ. ಜತೆಗೆ ಆಂಬುಲೆನ್ಸಿನ 108, ಆರೋಗ್ಯ ಸಹಾಯವಾಣಿಯ 104, ಟೆಲಿ ಮಾನಸ್‌ನ 14416 ಎಂಬ ಮೂರು ನಂಬರುಗಳನ್ನು ಶಾಲೆ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ದಾಣದ ಗೋಡೆಗಳ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸುವ ಕೆಲಸಕ್ಕೆ ಯಾವ ಮಂಜೂರಾತಿಗೂ ಕಾಯಬೇಕಾಗಿಲ್ಲ. ಊರಿನ ಯುವಕ ಸಂಘ ಈ ವಾರವೇ ಅದನ್ನು ಮಾಡಿ ಮುಗಿಸಬಹುದು.